ಅನಿಮೇಷನ್ ಕಲಿಯಬೇಕೆಂಬ ಆಸೆ, ಮನೆಯವರ ಆತಂಕ: ಅನುಭವಿಗಳ ಸಲಹೆ ಬೇಕಾಗಿದೆ

ಪ್ರಶ್ನೆ: ಹಾವೇರಿಯ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯವಳು. ಈ ವರ್ಷ ವಿಜ್ಞಾನ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದೇನೆ. ಚಿಕ್ಕಂದಿನಿಂದಲೂ ಚಿತ್ರ ಬಿಡಿಸುವ ಅಭ್ಯಾಸವಿದೆ. ಕಳೆದ ವರ್ಷದಿಂದ ಅಣ್ಣನ ಲ್ಯಾಪ್‌ಟಾಪ್‌ನಲ್ಲಿ ಬ್ಲೆಂಡರ್ ಎಂಬ ಉಚಿತ ತಂತ್ರಾಂಶವನ್ನು ಯೂಟ್ಯೂಬ್ ನೋಡಿಕೊಂಡು ಕಲಿಯುತ್ತಿದ್ದೇನೆ. ನಮ್ಮ ಕಡೆ ದೀಪಾವಳಿಯ ನಂತರ ನಡೆಯುವ ಹೋರಿ ಹಬ್ಬದಲ್ಲಿ ಕೊಬ್ಬರಿ ಹಾರ ಹೊತ್ತ ಹೋರಿಯೊಂದು ಜನರ ನಡುವೆ ನುಗ್ಗಿ ಓಡುವ ಹತ್ತು ಸೆಕೆಂಡಿನ ತುಣುಕೊಂದನ್ನು ಮಾಡಿ ಗೆಳತಿಯರಿಗೆ ತೋರಿಸಿದಾಗ ಎಲ್ಲರೂ ಮೆಚ್ಚಿದರು. ಆದರೆ ಹೋರಿಯ ಕಾಲು ನೆಲದ ಮೇಲೆ ಜಾರಿದಂತೆ ಕಾಣುತ್ತದೆ, ಅದನ್ನು ಹೇಗೆ ಸರಿಪಡಿಸುವುದೆಂದು ನನಗೆ ತಿಳಿಯುತ್ತಿಲ್ಲ.

ಅನಿಮೇಷನ್ ಅಥವಾ ಗ್ರಾಫಿಕ್ಸ್ ಕಲಿಯುತ್ತೇನೆ ಎಂದರೆ ಅಪ್ಪ ಒಪ್ಪುತ್ತಿಲ್ಲ. ಅವರು ಪ್ರಾಥಮಿಕ ಶಾಲೆಯ ಶಿಕ್ಷಕರು. ಸಿಟ್ಟು ಮಾಡುವವರಲ್ಲ, ಆದರೆ ಅವರು ಕೇಳುವ ಪ್ರಶ್ನೆಗಳಿಗೆ ನನ್ನಲ್ಲಿ ಉತ್ತರವಿಲ್ಲ. ದೊಡ್ಡ ದೊಡ್ಡ ಸ್ಟುಡಿಯೊಗಳೇ ಮುಚ್ಚಿಹೋದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ನನ್ನ ಮುಂದಿಟ್ಟರು. ಎರಡು ಸಾಲು ಬರೆದುಕೊಟ್ಟರೆ ಕಂಪ್ಯೂಟರೇ ವಿಡಿಯೊ ಮಾಡಿಕೊಡುವ ಕಾಲದಲ್ಲಿ ನಿನಗೆ ಯಾರು ಸಂಬಳ ಕೊಡುತ್ತಾರೆ ಎಂದು ಕೇಳುತ್ತಾರೆ. ಹುಬ್ಬಳ್ಳಿಯ ಒಂದು ಖಾಸಗಿ ತರಬೇತಿ ಸಂಸ್ಥೆಯನ್ನು ವಿಚಾರಿಸಿದಾಗ ಎರಡು ವರ್ಷದ ಕೋರ್ಸಿಗೆ ಮೂರು ಲಕ್ಷ ರೂಪಾಯಿಗೂ ಮೀರಿದ ಶುಲ್ಕ ಹೇಳಿದರು. ಕಂತಿನ ಸಾಲವನ್ನೂ ತಾವೇ ಮಾಡಿಸಿಕೊಡುವುದಾಗಿಯೂ ನೂರಕ್ಕೆ ನೂರು ಉದ್ಯೋಗ ಖಚಿತವೆಂದೂ ಭರವಸೆ ಕೊಟ್ಟರು. ವಾರದೊಳಗೆ ಸೇರಿದರೆ ರಿಯಾಯಿತಿಯೂ ಇದೆಯಂತೆ. ನಾನು ಸೇರಬಹುದೇ, ಅಥವಾ ಅಪ್ಪ ಹೇಳಿದಂತೆ ಎಂಜಿನಿಯರಿಂಗ್‌ಗೆ ಹೋಗುವುದೇ ಒಳ್ಳೆಯದೇ? ಈ ಕೆಲಸದಲ್ಲಿ ಇರುವವರು ದಯವಿಟ್ಟು ಇದ್ದದ್ದನ್ನು ಇದ್ದ ಹಾಗೆ ತಿಳಿಸಿ.

ಉತ್ತರ 1: ಕಾಂಪೋಸಿಟರ್, ಬೆಂಗಳೂರು

ತಂಗಿ, ನಿಮ್ಮ ತಂದೆಯವರು ಓದಿದ ಸುದ್ದಿ ನಿಜ. ಪ್ಯಾರಿಸ್ ಮೂಲದ ಟೆಕ್ನಿಕಲರ್ ಸಮೂಹವು 2025ರ ಫೆಬ್ರವರಿಯಲ್ಲಿ ಕುಸಿದುಬಿದ್ದಾಗ ಅದರ ಬೆಂಗಳೂರಿನ ಕಚೇರಿಯೂ ಬಾಗಿಲು ಹಾಕಿತು. ಹಾಲಿವುಡ್‌ನ ಅತಿ ದೊಡ್ಡ ಚಿತ್ರಗಳ ಕೆಲಸ ಈ ಊರಿನಲ್ಲಿ ಕುಳಿತು ಆಗುತ್ತಿದ್ದುದು ಅಲ್ಲೇ. ಅಲ್ಲಿದ್ದವರಲ್ಲಿ ಹಲವರು ನನಗೆ ಪರಿಚಿತರು. ಕೆಲವರಿಗೆ ತಿಂಗಳೊಪ್ಪತ್ತಿನಲ್ಲಿ ಬೇರೆ ಕಡೆ ಕೆಲಸ ಸಿಕ್ಕಿತು, ಕೆಲವರು ತುಂಬಾ ಕಾಲ ಕಾಯಬೇಕಾಯಿತು, ಇನ್ನು ಕೆಲವರು ಈ ವೃತ್ತಿಯನ್ನೇ ಬಿಟ್ಟರು. ಯಾರಿಗೆ ಬೇಗ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದನ್ನು ಗಮನಿಸಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ದೊರೆಯುತ್ತದೆ.

ಹೊರಗಿನವರಿಗೆ ಇದೊಂದು ಉದ್ಯೋಗದಂತೆ ಕಂಡರೂ ಒಳಗೆ ಬಂದರೆ ಮಾಡೆಲಿಂಗ್, ಟೆಕ್ಸ್ಚರಿಂಗ್, ರಿಗ್ಗಿಂಗ್, ಅನಿಮೇಷನ್, ಎಫ್‌ಎಕ್ಸ್, ಲೈಟಿಂಗ್, ಮ್ಯಾಚ್‌ಮೂವ್, ರೋಟೊ, ಪೇಂಟ್, ಕಾಂಪೋಸಿಟಿಂಗ್ (ಬಿಡಿ ಬಿಡಿ ಚಿತ್ರಗಳನ್ನು ಒಂದೇ ದೃಶ್ಯವಾಗಿ ಹೊಂದಿಸುವ ನನ್ನ ಕೆಲಸ) ಎಂದು ಬೇರೆ ಬೇರೆ ವಿಭಾಗಗಳಿದ್ದು, ಒಂದರಲ್ಲಿರುವವನಿಗೆ ಇನ್ನೊಂದರ ಕೆಲಸ ಬರಬೇಕೆಂದೇನೂ ಇಲ್ಲ. ರೋಟೊ ಎಂದರೆ ಚಿತ್ರೀಕರಿಸಿದ ದೃಶ್ಯದಲ್ಲಿ ನಟನ ಅಂಚನ್ನು ಒಂದೊಂದು ಫ್ರೇಮಿನಲ್ಲೂ ಗೆರೆ ಎಳೆದು ಬೇರ್ಪಡಿಸುವುದು. ಸೆಕೆಂಡಿಗೆ 24 ಫ್ರೇಮುಗಳಂತೆ ಐದು ಸೆಕೆಂಡಿನ ಒಂದು ಶಾಟ್‌ಗೆ 120 ಫ್ರೇಮುಗಳಾಗುತ್ತವೆ, ಕೂದಲು ಹಾರಾಡುತ್ತಿದ್ದರಂತೂ ಕೇಳುವುದೇ ಬೇಡ. ಪೇಂಟ್ ಎಂದರೆ ನಟನನ್ನು ಎತ್ತಿ ಹಿಡಿದ ತಂತಿಯಂಥವನ್ನು ಅಳಿಸುವುದು. ಅಮೆರಿಕ ಮತ್ತು ಯುರೋಪಿನ ಸ್ಟುಡಿಯೊಗಳು ಭಾರತಕ್ಕೆ ಮೊದಲು ಕಳುಹಿಸಿದ್ದು ಇಂಥ ಕೆಲಸಗಳನ್ನೇ, ಏಕೆಂದರೆ ಇವಕ್ಕೆ ಕೈಗಳು ಹೆಚ್ಚು ಬೇಕು, ನಿರ್ಧಾರ ಕಡಿಮೆ ಸಾಕು. ಈ ಊರಿನಲ್ಲಿ ನನ್ನ ವಯಸ್ಸಿನ ಹೆಚ್ಚಿನವರು ಒಳಗೆ ಕಾಲಿಟ್ಟದ್ದು ರೋಟೊ ಬಾಗಿಲಿನಿಂದಲೇ. ನಾನೂ ಹಾಗೆಯೇ ಬಂದವನು.

ಆ ಬಾಗಿಲು ಈಗ ಕಿರಿದಾಗುತ್ತಿದೆ. ಕಾಂಪೋಸಿಟಿಂಗ್‌ಗೆ ಬಳಸುವ ನ್ಯೂಕ್ ಎಂಬ ತಂತ್ರಾಂಶದಲ್ಲಿ 2021ರಲ್ಲಿಯೇ ಕಾಪಿಕ್ಯಾಟ್ ಎಂಬ ಸಾಧನ ಬಂತು. ಕಲಾವಿದನು ಕೆಲವೇ ಫ್ರೇಮುಗಳಲ್ಲಿ ಕೆಲಸ ಮಾಡಿ ತೋರಿಸಿದರೆ ಅದನ್ನು ನೋಡಿ ಕಲಿತು ಉಳಿದ ಫ್ರೇಮುಗಳನ್ನು ಅದೇ ಮಾಡುತ್ತದೆ. 2023ರಲ್ಲಿ ಮೆಟಾ ಕಂಪನಿಯು ಚಿತ್ರದಲ್ಲಿರುವ ಯಾವುದೇ ವಸ್ತುವನ್ನು ಒಂದು ಕ್ಲಿಕ್ಕಿನಲ್ಲಿ ಬೇರ್ಪಡಿಸುವ ಮಾದರಿಯನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟಿತು. ಇವು ಕೊಡುವ ಅಂಚು ಸಿನಿಮಾದ ದೊಡ್ಡ ಪರದೆಗೆ ಇನ್ನೂ ಸಾಲದು, ಮನುಷ್ಯ ಕೂತು ತಿದ್ದಬೇಕು. ಆದರೆ ಹತ್ತು ಜನ ಮಾಡುತ್ತಿದ್ದ ಕಡೆ ಅಷ್ಟು ಜನ ಬೇಕಾಗುವುದಿಲ್ಲ ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹುಬ್ಬಳ್ಳಿಯ ಸಂಸ್ಥೆಯವರು ಖಚಿತವೆಂದು ಹೇಳುವ ಉದ್ಯೋಗವು ಬಹುತೇಕ ಈ ಬಾಗಿಲಿನದೇ ಆಗಿರುತ್ತದೆ. ಯಾವ ವಿಭಾಗದಲ್ಲಿ ಉದ್ಯೋಗ, ಎಷ್ಟು ಸಂಬಳ, ಕಾಯಂ ನೇಮಕವೋ ಒಪ್ಪಂದವೋ, ಕಳೆದ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ ಎಂಬುದನ್ನು ಬರವಣಿಗೆಯಲ್ಲಿ ಕೇಳಿ. ಕೊಡುವುದಿಲ್ಲ ಎಂದರೆ ಅದೂ ಒಂದು ಉತ್ತರವೇ.

ಟೆಕ್ನಿಕಲರ್ ಮುಚ್ಚಿದಾಗ ಬೇಗ ಕೆಲಸ ಸಿಕ್ಕಿದ್ದು ಯಾರಿಗೆಂದರೆ, ಶಾಟ್ ನೋಡಿದ ಕೂಡಲೇ ಅದರಲ್ಲಿ ಏನು ಕೊರತೆಯಿದೆ ಎಂದು ಹೇಳಬಲ್ಲವರಿಗೆ. ಎದುರಿನ ಪಾತ್ರದ ಮೇಲೆ ಬಿದ್ದ ಬೆಳಕು ಹಿನ್ನೆಲೆಯ ಬೆಳಕಿಗೆ ಏಕೆ ಹೊಂದುತ್ತಿಲ್ಲ, ಕಪ್ಪು ಭಾಗ ಎಷ್ಟು ಕಪ್ಪಿರಬೇಕು, ದೂರದ ಬೆಟ್ಟದ ಮೇಲೆ ಮಂಜು ಎಷ್ಟು ಸಾಕು ಎಂಬುದು ಯಾವ ತಂತ್ರಾಂಶದ ಗುಂಡಿಯಲ್ಲೂ ಇರುವುದಿಲ್ಲ. ತಂತ್ರಾಂಶ ಬಲ್ಲವರು ಬಹಳ ಜನರಿದ್ದಾರೆ, ಹೀಗೆ ನೋಡಬಲ್ಲವರು ಈಗಲೂ ಕಡಿಮೆ. ನೀವು ಈ ದಾರಿಗೆ ಬರುವುದಾದರೆ ಆ ನೋಟವನ್ನು ಕಲಿಸುವ ಕಡೆ ಹಣ ಮತ್ತು ವರ್ಷಗಳನ್ನು ಖರ್ಚು ಮಾಡಿ, ಬರಿಯ ತಂತ್ರಾಂಶ ಕಲಿಸುವ ಕಡೆ ಬೇಡ.

ಉತ್ತರ 2: ದೃಶ್ಯಕಲಾ ಅಧ್ಯಾಪಕ

ಮೇಲಿನ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಆ ನೋಟವನ್ನು ಎಲ್ಲಿ ಕಲಿಯುವುದೆಂದು ಹಾವೇರಿಯ ಹುಡುಗಿಗೆ ಯಾರಾದರೂ ಬಿಡಿಸಿ ಹೇಳಬೇಕಲ್ಲವೇ, ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಹೋರಿಯ ವಿಷಯ. ನೀವು ಹೋರಿ ಮುಂದಕ್ಕೆ ಚಲಿಸುವ ವೇಗವನ್ನೂ ಅದರ ಕಾಲಿನ ಚಲನೆಯನ್ನೂ ಬೇರೆ ಬೇರೆಯಾಗಿ ಮಾಡಿ ಆಮೇಲೆ ಜೋಡಿಸಿರಬೇಕು, ಅದಕ್ಕೇ ಗೊರಸು ಜಾರುತ್ತದೆ. ಗೊರಸು ನೆಲಕ್ಕೆ ತಾಗಿದ ಫ್ರೇಮಿನಿಂದ ಮೇಲೇಳುವ ಫ್ರೇಮಿನವರೆಗೆ ಅದು ನೆಲದ ಒಂದೇ ಬಿಂದುವಿನಲ್ಲಿ ಇರಬೇಕು. ಅದನ್ನು ಅಲ್ಲಿ ನಿಲ್ಲಿಸಿ ದೇಹವನ್ನು ಅದರ ಮೇಲಿಂದ ದಾಟಿಸಬೇಕು. ಬ್ಲೆಂಡರ್‌ನಲ್ಲಿ ಐಕೆ ಎಂಬ ವ್ಯವಸ್ಥೆ ಇರುವುದೇ ಇದಕ್ಕಾಗಿ. ಇದು ಸುಲಭದ ಭಾಗ. ಕಷ್ಟದ್ದು ಭಾರ. ಓಡುವ ಹೋರಿಯ ಮುಂಗಾಲು ನೆಲಕ್ಕೆ ತಾಗಿದಾಗ ಭುಜ ಒಮ್ಮೆ ಕುಸಿಯುತ್ತದೆ, ಕತ್ತು ಅದಕ್ಕೆ ಎದುರಾಗಿ ಏಳುತ್ತದೆ, ಕೊಬ್ಬರಿ ಹಾರ ಅವೆರಡಕ್ಕಿಂತ ಎರಡು ಮೂರು ಫ್ರೇಮ್ ತಡವಾಗಿ ಹಿಂಬಾಲಿಸುತ್ತದೆ, ಹೋರಿ ತಟ್ಟನೆ ನಿಂತರೂ ಹಾರ ಮುಂದಕ್ಕೆ ಹೋಗಿ ಹಿಂದಕ್ಕೆ ಬರುತ್ತದೆ. ಇದನ್ನು ನೀವು ನಿಮ್ಮೂರಿನಲ್ಲಿ ಪ್ರತಿ ವರ್ಷ ನೋಡುತ್ತೀರಿ. ಮುಂದಿನ ಹಬ್ಬದಲ್ಲಿ ಮೊಬೈಲಿನಲ್ಲಿ ನಿಧಾನ ಚಲನೆಯ ವಿಡಿಯೊ ಮಾಡಿ, ಒಂದೊಂದು ಫ್ರೇಮನ್ನೂ ನಿಲ್ಲಿಸಿ ಪೆನ್ಸಿಲ್‌ನಲ್ಲಿ ಬರೆಯಿರಿ. ಎಲ್ಲೋ ಕೂತು ಹೋರಿಯನ್ನೇ ಕಾಣದವನು ಮಾಡುವ ಅನಿಮೇಷನ್‌ಗಿಂತ ನಿಮ್ಮದು ಮೇಲಾಗುವುದು ಹೀಗೆಯೇ. ಕೆಲಸ ಕೇಳುವಾಗ ಕೊಡುವ ಮಾದರಿ ವಿಡಿಯೊದಲ್ಲಿ, ಅಂದರೆ ಶೋರೀಲ್‌ನಲ್ಲಿ, ಎಲ್ಲರೂ ತೋರಿಸುವ ರೋಬೋಟ್ ಮತ್ತು ಸ್ಫೋಟಗಳ ನಡುವೆ ಭಾರವಿರುವ ಒಂದು ಹೋರಿ ಬಂದರೆ ನೋಡುವವರು ವಿಡಿಯೊ ನಿಲ್ಲಿಸಿ ಮತ್ತೊಮ್ಮೆ ನೋಡುತ್ತಾರೆ.

ಇನ್ನು ಓದಿನ ವಿಚಾರ. ಪಿಯುಸಿಯಲ್ಲಿ ಯಾವ ವಿಭಾಗವನ್ನು ಓದಿದ್ದರೂ ಯುಸೀಡ್ ಪರೀಕ್ಷೆ ಬರೆಯಬಹುದು. ಐಐಟಿ ಬಾಂಬೆ ನಡೆಸುವ ಈ ಪರೀಕ್ಷೆಯ ಮೂಲಕ ಹಲವು ಸರ್ಕಾರಿ ಸಂಸ್ಥೆಗಳಲ್ಲಿ ವಿನ್ಯಾಸದ ಪದವಿಗೆ ಪ್ರವೇಶ ದೊರೆಯುತ್ತದೆ. ಅದನ್ನು ಸತತ ಎರಡು ವರ್ಷಗಳಲ್ಲಿ ಮಾತ್ರ ಬರೆಯಬಹುದೆಂಬುದು ನೆನಪಿರಲಿ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅನಿಮೇಷನ್ ಚಿತ್ರ ವಿನ್ಯಾಸವೇ ಒಂದು ಪ್ರತ್ಯೇಕ ವಿಭಾಗ. ಅದರ ಪ್ರವೇಶ ಪರೀಕ್ಷೆ ಬೇರೆ. ಎರಡರಲ್ಲೂ ಸ್ಪರ್ಧೆ ಕಠಿಣ, ಎರಡರಲ್ಲೂ ಕೈಯಿಂದ ಚಿತ್ರ ಬರೆಯಬೇಕಾಗುತ್ತದೆ. ಅವು ಸಿಗದಿದ್ದರೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು, ದಾವಣಗೆರೆಯ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯ, ಬೆಂಗಳೂರಿನ ಚಿತ್ರಕಲಾ ಪರಿಷತ್ತು ಇವೆ. ದಾವಣಗೆರೆ ನಿಮ್ಮ ಜಿಲ್ಲೆಗೆ ಹೊಂದಿಕೊಂಡೇ ಇದೆ. ನಾಲ್ಕು ವರ್ಷ ದೇಹರಚನೆ, ಬೆಳಕು, ಬಣ್ಣ, ಸಂಯೋಜನೆಗಳನ್ನು ಕಲಿತು, ಸಂಜೆ ಬ್ಲೆಂಡರ್ ಮುಂದೆ ಕೂತವರು ತಂತ್ರಾಂಶವನ್ನಷ್ಟೇ ಕಲಿತವರಿಗಿಂತ ಮುಂದೆ ಹೋಗಿರುವುದನ್ನು ನಾನು ಕಂಡಿದ್ದೇನೆ. ಖಾಸಗಿ ಸಂಸ್ಥೆಯವರು ಹೇಳಿದ ಶುಲ್ಕಕ್ಕೆ ಹೋಲಿಸಿದರೆ ಸರ್ಕಾರಿ ಕಾಲೇಜಿನ ಖರ್ಚು ತೀರಾ ಕಡಿಮೆ, ಮೇಲಾಗಿ ಕೈಯಲ್ಲಿ ಪದವಿ ಇರುತ್ತದೆ. ವಿದೇಶದ ವೀಸಾ, ಸ್ನಾತಕೋತ್ತರ ಪ್ರವೇಶ, ಬೋಧಕ ಹುದ್ದೆ ಇವೆಲ್ಲ ಕೇಳುವುದು ಪದವಿಯನ್ನು, ತರಬೇತಿ ಸಂಸ್ಥೆಯ ಪ್ರಮಾಣಪತ್ರವನ್ನಲ್ಲ.

ಕರ್ನಾಟಕವು ಈ ಉದ್ಯಮಕ್ಕೆಂದೇ 2012ರಲ್ಲಿ ಪ್ರತ್ಯೇಕ ನೀತಿ ರೂಪಿಸಿದ ರಾಜ್ಯ. 2024ರಿಂದ 2029ರವರೆಗಿನ ಹೊಸ ನೀತಿಯೂ ಜಾರಿಯಲ್ಲಿದೆ. ನೀತಿಯಲ್ಲಿ ಬರೆದದ್ದೆಲ್ಲ ಹಾವೇರಿಯವರೆಗೆ ಬರುತ್ತದೆಂದು ನಾನು ನಂಬುವುದಿಲ್ಲ. ಆದರೂ ಬೆಂಗಳೂರಿನಲ್ಲಿ ಸರ್ಕಾರದ ನೆರವಿನಿಂದ ನಡೆಯುವ ಉತ್ಕೃಷ್ಟತಾ ಕೇಂದ್ರದ ತರಬೇತಿಗಳ ಮೇಲೆ ಕಣ್ಣಿಟ್ಟಿರಿ.

ಉತ್ತರ 3: ಲೈಟಿಂಗ್ ಕಲಾವಿದೆ, ಮಾಂಟ್ರಿಯಲ್

ಕೆಲಸ ಚೆನ್ನಾಗಿ ಬಂದರೆ ಸಾಕು, ಉದ್ಯೋಗ ಉಳಿಯುತ್ತದೆ ಎಂಬ ಭಾವನೆ ಮೇಲಿನ ಉತ್ತರಗಳಿಂದ ಬರಬಾರದೆಂದು ಇದನ್ನು ಬರೆಯುತ್ತಿದ್ದೇನೆ. ನಾನು ಧಾರವಾಡದವಳು, ಕೆನಡಾಕ್ಕೆ ಬಂದು ಹಲವು ವರ್ಷಗಳಾದವು.

ಸ್ಟುಡಿಯೊಗಳು ಮುಚ್ಚುವುದಕ್ಕೆ ಎಐ ಮುಖ್ಯ ಕಾರಣವೆಂದು ನನಗೆ ಅನಿಸುವುದಿಲ್ಲ. ಲೆಕ್ಕಾಚಾರದ ದೋಷ ಅದಕ್ಕಿಂತ ಹಳೆಯದು. ಚಿತ್ರ ನಿರ್ಮಾಣ ಕಂಪನಿಯು ಗ್ರಾಫಿಕ್ಸ್ ಕೆಲಸವನ್ನು ಸ್ಟುಡಿಯೊಗೆ ನಿಗದಿತ ಮೊತ್ತಕ್ಕೆ ಒಪ್ಪಿಸುತ್ತದೆ. ಗುತ್ತಿಗೆಗೆ ಮನೆ ಕಟ್ಟಲು ಒಪ್ಪಿಕೊಂಡ ಮೇಸ್ತ್ರಿಗೆ ಮಾಲೀಕರು ತಿಂಗಳಿಗೊಮ್ಮೆ ಬಂದು ಗೋಡೆ ಒಡೆಸಿ ಬೇರೆ ಕಡೆ ಕಟ್ಟಿಸಿದರೆ ಹೇಗೋ ಹಾಗೆ, ನಿರ್ದೇಶಕರು ಮನಸ್ಸು ಬದಲಿಸಿದಾಗಲೆಲ್ಲ ಆಗುವ ಹೆಚ್ಚಿನ ಖರ್ಚಿನ ದೊಡ್ಡ ಪಾಲು ಸ್ಟುಡಿಯೊದ ತಲೆಯ ಮೇಲೆ ಬೀಳುತ್ತದೆ. ರಿದಮ್ ಆ್ಯಂಡ್ ಹ್ಯೂಸ್ ಎಂಬ ಲಾಸ್ ಏಂಜಲೀಸ್‌ನ ಸ್ಟುಡಿಯೊ 2013ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಅದೇ ತಿಂಗಳು ‘ಲೈಫ್ ಆಫ್ ಪೈ’ ಚಿತ್ರದ ವಿಷುವಲ್ ಎಫೆಕ್ಟ್ಸ್‌ಗೆ ಅದರ ಕಲಾವಿದರು ಆಸ್ಕರ್ ಪಡೆದರು. ಮುಂಬಯಿ ಮತ್ತು ಹೈದರಾಬಾದಿನಲ್ಲೂ ಅದಕ್ಕೆ ಶಾಖೆಗಳಿದ್ದವು. ಅಲ್ಲಿ ಕೆಲಸದ ಗುಣಮಟ್ಟದಲ್ಲಿ ಯಾವ ಕೊರತೆಯೂ ಇರಲಿಲ್ಲ.

ಎರಡನೆಯದು, ಈ ಕೆಲಸ ತೆರಿಗೆ ರಿಯಾಯಿತಿ ಇರುವ ಕಡೆ ಹರಿದುಹೋಗುತ್ತದೆ. ಮಾಂಟ್ರಿಯಲ್ ಈ ಉದ್ಯಮದ ಕೇಂದ್ರವಾದದ್ದೇ ಕ್ವಿಬೆಕ್ ಪ್ರಾಂತ್ಯ ಕೊಟ್ಟ ರಿಯಾಯಿತಿಯಿಂದ. 2024ರ ಬಜೆಟ್‌ನಲ್ಲಿ ಆ ಲೆಕ್ಕವನ್ನು ಬಿಗಿ ಮಾಡಿದರು. ಅದರ ಹಿಂದಿನ ವರ್ಷ ಅಮೆರಿಕದಲ್ಲಿ ಮೇ ತಿಂಗಳಿನಿಂದ ಬರಹಗಾರರು, ಜುಲೈನಿಂದ ನಟರು ಮುಷ್ಕರ ಹೂಡಿದ್ದರಿಂದ ಚಿತ್ರೀಕರಣವೇ ನಿಂತು ನಮ್ಮ ಕೈಗೆ ಬರಬೇಕಾದ ಕೆಲಸ ಆಗಲೇ ಒಣಗಿತ್ತು. ಒಂದರ ಮೇಲೊಂದು ಬಂದ ಈ ಎರಡು ಹೊಡೆತಗಳಿಗೆ ನನ್ನ ಸುತ್ತಲಿನ ಎಷ್ಟೋ ಜನ ಕೆಲಸ ಕಳೆದುಕೊಂಡರು. ಲಾಸ್ ಏಂಜಲೀಸ್‌ನಲ್ಲಿ ನಟರು ಬೀದಿಗಿಳಿದರೆ ಬೆಂಗಳೂರಿನ ಬಾಡಿಗೆ ಮನೆಯ ಹುಡುಗನಿಗೆ ಆರು ತಿಂಗಳ ನಂತರ ಶಾಟ್ ಬರುವುದಿಲ್ಲ. ಈ ನಂಟನ್ನು ಯಾವ ತರಬೇತಿ ಸಂಸ್ಥೆಯೂ ಮಕ್ಕಳಿಗೆ ಹೇಳಿಕೊಡುವುದಿಲ್ಲ.

ಇಷ್ಟೆಲ್ಲ ಹೇಳಿ ನಾನೇಕೆ ಇನ್ನೂ ಇಲ್ಲಿದ್ದೇನೆ ಎಂದು ನೀವು ಕೇಳಬಹುದು. ನನಗೆ ಬೇರೆ ಯಾವ ಕೆಲಸವೂ ಇಷ್ಟು ಹಿಡಿಸುವುದಿಲ್ಲ, ಅಷ್ಟೇ. ಆದರೆ ಆರು ತಿಂಗಳ ಖರ್ಚಿನ ಹಣವನ್ನು ಬ್ಯಾಂಕಿನಲ್ಲಿ ಮುಟ್ಟದೆ ಇಟ್ಟಿರುತ್ತೇನೆ, ಪ್ರಾಜೆಕ್ಟ್ ಮುಗಿಯುವ ಎರಡು ತಿಂಗಳು ಮೊದಲೇ ಮುಂದಿನದನ್ನು ಹುಡುಕುತ್ತೇನೆ. ಇಂಥ ಬದುಕು ನಿಮಗೆ ಒಗ್ಗುತ್ತದೆಯೇ ಎಂದು ಯೋಚಿಸಿ. ಸಾಲದ ಕಂತು ತಲೆಯ ಮೇಲಿದ್ದರೆ ಖಂಡಿತ ಒಗ್ಗುವುದಿಲ್ಲ.

ಮರುಪ್ರಶ್ನೆ: ಹಾವೇರಿಯ ವಿದ್ಯಾರ್ಥಿನಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಈ ಉತ್ತರಗಳನ್ನು ಅಪ್ಪನಿಗೆ ಓದಿ ಹೇಳಿದೆ. ಹುಬ್ಬಳ್ಳಿಯ ಸಂಸ್ಥೆಗೆ ಈಗ ಸೇರುವುದಿಲ್ಲವೆಂದು ಇಬ್ಬರೂ ನಿರ್ಧರಿಸಿದೆವು. ದಾವಣಗೆರೆಯ ಕಾಲೇಜಿನ ಬಗ್ಗೆ ಅಪ್ಪ ವಿಚಾರಿಸುತ್ತಿದ್ದಾರೆ. ಆದರೆ ಅವರದೊಂದು ಪ್ರಶ್ನೆ ಉಳಿದಿದೆ. ಇಪ್ಪತ್ತೈದರ ವಯಸ್ಸಿನಲ್ಲಿ ರಾತ್ರಿ ಹಗಲು ದುಡಿಯಬಹುದು, ನಲವತ್ತರ ನಂತರ ಇವರೆಲ್ಲ ಏನು ಮಾಡುತ್ತಾರೆ ಎಂದು ಕೇಳಿದರು. ನನಗೂ ಒಂದು ಸಂದೇಹವಿದೆ: ಗಣಿತ ನನಗೆ ಇಷ್ಟ, ಪಿಯುಸಿಯಲ್ಲಿ ಒಳ್ಳೆಯ ಅಂಕಗಳೂ ಬಂದಿವೆ. ಕಲೆಯ ಕಡೆ ಹೋದರೆ ಅದು ವ್ಯರ್ಥವಾಗುತ್ತದೆಯೇ?

ಉತ್ತರ 4: ಟೆಕ್ನಿಕಲ್ ಆರ್ಟಿಸ್ಟ್, ಬೆಂಗಳೂರು

ಗಣಿತ ವ್ಯರ್ಥವಾಗುವುದಿಲ್ಲ. ನನ್ನ ಹೊಟ್ಟೆಪಾಡು ನಡೆಯುತ್ತಿರುವುದೇ ಅದರಿಂದ. ಪಿಯುಸಿಯಲ್ಲಿ ನೀವು ಓದಿದ ವೆಕ್ಟರ್ ಮತ್ತು ಮ್ಯಾಟ್ರಿಕ್ಸ್ ಪಾಠಗಳೇ ಮೂರು ಆಯಾಮದ ಗ್ರಾಫಿಕ್ಸ್‌ನ ತಳಪಾಯ. ಒಂದು ಪಾತ್ರವನ್ನು ಸರಿಸುವುದು, ತಿರುಗಿಸುವುದು, ಹಿಗ್ಗಿಸುವುದು ಮೂರೂ ಮ್ಯಾಟ್ರಿಕ್ಸ್ ಗುಣಾಕಾರಗಳು; ಒಂದು ಮೇಲ್ಮೈ ಬೆಳಕಿಗೆ ಎಷ್ಟು ಹೊಳೆಯಬೇಕೆಂಬುದನ್ನು ಎರಡು ವೆಕ್ಟರ್‌ಗಳ ಅದಿಶ ಗುಣಲಬ್ಧದಿಂದ ಲೆಕ್ಕ ಹಾಕುತ್ತೇವೆ. ಕಲಾವಿದರಿಗೂ ಪ್ರೋಗ್ರಾಮರ್‌ಗಳಿಗೂ ನಡುವೆ ನಿಂತು ಇಬ್ಬರ ಮಾತನ್ನೂ ಅರ್ಥಮಾಡಿಕೊಂಡು ಸಾಧನಗಳನ್ನು ಕಟ್ಟಿಕೊಡುವವರನ್ನು ಗೇಮ್ ಉದ್ಯಮದಲ್ಲಿ ಟೆಕ್ನಿಕಲ್ ಆರ್ಟಿಸ್ಟ್ ಎನ್ನುತ್ತಾರೆ. ಸಿನಿಮಾದಲ್ಲಿ ಇದಕ್ಕೆ ಹತ್ತಿರದ ಕೆಲಸ ಮಾಡುವವರು ಟಿಡಿಗಳು, ಅಂದರೆ ಟೆಕ್ನಿಕಲ್ ಡೈರೆಕ್ಟರ್‌ಗಳು. ಚಿತ್ರವೂ ಬಂದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯೂ ಬರುವವರು ಬೆರಳೆಣಿಕೆಯಷ್ಟೇ ಸಿಗುತ್ತಾರೆ. ನೀವು ಬ್ಲೆಂಡರ್ ಬಳಸುತ್ತಿದ್ದೀರಲ್ಲ, ಅದರೊಳಗೇ ಪೈಥಾನ್ ಇದೆ. ಹೋರಿಯ ಗೊರಸು ತಾನಾಗಿಯೇ ನೆಲದ ಮಟ್ಟಕ್ಕೆ ನಿಲ್ಲುವಂತೆ ಹತ್ತು ಸಾಲಿನ ಒಂದು ಸ್ಕ್ರಿಪ್ಟ್ ಬರೆಯಲು ಯತ್ನಿಸಿ. ಅದು ನಿಮಗೆ ಬೇಸರ ತರಿಸುತ್ತದೆಯೋ ಉತ್ಸಾಹ ಕೊಡುತ್ತದೆಯೋ ನೋಡಿಕೊಂಡರೆ, ದೃಶ್ಯಕಲೆಯ ಪದವಿಯೋ ಕಂಪ್ಯೂಟರ್ ಸೈನ್ಸ್ ಪದವಿಯೋ ಎಂಬುದನ್ನು ನೀವೇ ನಿರ್ಧರಿಸಬಹುದು. ಅಧ್ಯಾಪಕರು ಬೇಸರಿಸಿಕೊಳ್ಳಬಾರದು, ಆದರೆ ಎಂಜಿನಿಯರಿಂಗ್ ಓದಿ ಗ್ರಾಫಿಕ್ಸ್‌ಗೆ ಬಂದವರೂ ನಮ್ಮಲ್ಲಿ ಬಹಳ ಜನ ಇದ್ದಾರೆ. ನಿಮ್ಮ ತಂದೆಯವರ ಸಲಹೆ ನಿಮ್ಮ ಆಸೆಗೆ ಅಡ್ಡಿಯೆಂದು ಭಾವಿಸಬೇಕಾಗಿಲ್ಲ.

ಸಿನಿಮಾ ಒಂದನ್ನೇ ನೋಡಬೇಡಿ ಎಂದೂ ಹೇಳುತ್ತೇನೆ. ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿ 1997ರಲ್ಲಿಯೇ ಆರಂಭವಾಗಿತ್ತು. 2019ರಲ್ಲಿ ಅದನ್ನು ಅಮೆರಿಕದ ಗೇಮ್ ಕಂಪನಿ ರಾಕ್‌ಸ್ಟಾರ್ ಕೊಂಡುಕೊಂಡಿತು. ಗೇಮ್‌ಗಳ ಹೊರತಾಗಿ, ಕಟ್ಟಡ ಕಟ್ಟುವ ಮೊದಲೇ ಅದರ ಚಿತ್ರ ತೋರಿಸುವವರು, ಶಸ್ತ್ರಚಿಕಿತ್ಸೆಯ ವಿಧಾನವನ್ನು ವೈದ್ಯರಿಗೆ ಮತ್ತು ರೋಗಿಗಳಿಗೆ ವಿವರಿಸುವ ಅನಿಮೇಷನ್ ಮಾಡುವವರು, ಕಾರು ಕಂಪನಿಗಳಿಗೆ ವಿನ್ಯಾಸದ ಮಾದರಿ ಸಿದ್ಧಪಡಿಸುವವರು ಇದ್ದಾರೆ. ಈ ಕೆಲಸಗಳಿಗೆ ಪೋಸ್ಟರ್‌ನಲ್ಲಿ ಹೆಸರು ಬರುವುದಿಲ್ಲ, ಆದರೆ ಹಾಲಿವುಡ್ ಮುಷ್ಕರದ ಬಿಸಿಯೂ ಅಷ್ಟಾಗಿ ತಟ್ಟುವುದಿಲ್ಲ, ಸಂಜೆ ಮನೆಗೆ ಹೋಗಬಹುದು.

ನಲವತ್ತರ ಪ್ರಶ್ನೆಯನ್ನು ಈ ಉದ್ಯಮದಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ನಿಮ್ಮ ತಂದೆಯವರು ಕೇಳಿದ್ದು ಒಳ್ಳೆಯದಾಯಿತು. ಕೆಲವರು ಸೂಪರ್‌ವೈಸರ್ ಆಗುತ್ತಾರೆ, ಆ ಹುದ್ದೆಗಳು ಕಡಿಮೆ. ಕೆಲವರು ಪ್ರೊಡಕ್ಷನ್ ನಿರ್ವಹಣೆಗೆ, ಬೋಧನೆಗೆ ಹೋಗುತ್ತಾರೆ. ಕೆಲವರು ಮೂರು ನಾಲ್ಕು ಜನರ ಸಣ್ಣ ಸ್ಟುಡಿಯೊ ಮಾಡಿಕೊಂಡು ಜಾಹೀರಾತು ಮತ್ತು ಕನ್ನಡ ಚಿತ್ರಗಳ ಕೆಲಸ ಹಿಡಿಯುತ್ತಾರೆ. ಅವರಲ್ಲಿ ಹಣ ಸಕಾಲಕ್ಕೆ ಬರುವುದಿಲ್ಲವೆಂದು ಗೊಣಗದವರನ್ನು ನಾನು ನೋಡಿಲ್ಲ. ಬಿಟ್ಟುಹೋಗುವವರೂ ಇದ್ದಾರೆ. ರಾತ್ರಿ ಹಗಲಿನ ದುಡಿಮೆಯ ಬಗ್ಗೆ ಅವರು ಕೇಳಿದ್ದು ನಿಜ, ಶಾಟ್ ಒಪ್ಪಿಸುವ ವಾರಗಳಲ್ಲಿ ಅದು ತಪ್ಪಿದ್ದಲ್ಲ. ಸಂದರ್ಶನದಲ್ಲಿ ಹೆಚ್ಚುವರಿ ಅವಧಿಗೆ ಸಂಬಳ ಉಂಟೇ, ರಾತ್ರಿ ಮನೆಗೆ ವಾಹನ ಉಂಟೇ ಎಂದು ಸಂಕೋಚವಿಲ್ಲದೆ ಕೇಳಿ. ಕೆಲಸ ಬಿಟ್ಟರೆ ಇಷ್ಟು ಹಣ ಕಟ್ಟಬೇಕೆಂಬ ಬಾಂಡ್‌ಗೆ ಸಹಿ ಕೇಳಿದರೆ ಮನೆಗೆ ತಂದು ತಂದೆಯವರಿಗೆ, ಸಾಧ್ಯವಾದರೆ ಒಬ್ಬ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ಮೂಲ ಅಂಕಪಟ್ಟಿಗಳನ್ನಂತೂ ಯಾರು ಕೇಳಿದರೂ ಇಟ್ಟುಕೊಳ್ಳಲು ಕೊಡಬೇಡಿ. ನಕಲು ಪ್ರತಿ ಸಾಕು.